ಬಾತಿನ ಮರಿಯ ಮೊದಲನೆಯ ದಿನ

ಪೀಠಿಕೆ

ಕೆರೆಯ ದಂಡೆಯಲ್ಲಿ ಹೇಂಟೆಯೊಂದು ರೆಕ್ಕೆ ಬಡಿಯುತ್ತ ಕೂಗುತ್ತ ಅತ್ತಿಂದಿತ್ತ ಓಡಾಡುವುದನ್ನೂ, ಅದರ ಮರಿಗಳೆಲ್ಲವೂ ನೀರಿನ ಮೇಲೆ ನಿಶ್ಚಿಂತೆಯಾಗಿ ತೇಲುತ್ತಿರುವುದನ್ನೂ ಬಾತುಗಳನ್ನು ಸಾಕುವ ಊರುಗಳಲ್ಲಿ ಅನೇಕರು ಕಂಡಿರಬಹುದು. ಕೋಳಿಯ ಕಾವಿನಲ್ಲಿ ಬಾತಿನ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ಪದ್ಧತಿಯು ಬಹು ಪುರಾತನವಾದುದು. ರೋಮಿನ ಪಂಡಿತನಾದ ಸಿಸೆರೋ ಎಂಬಾತನು ಕ್ರಿಸ್ತ ಪೂರ್ವ 45ರ ಸುಮಾರಿನಲ್ಲಿ ರಚಿಸಿದ ಗ್ರಂಥದಲ್ಲಿಯೇ ಇದರ ಪ್ರಸ್ತಾಪವುಂಟು. ಕೋಳಿಯು ಸಾಕಿದ ಬಾತಿನ ಮರಿಗಳು ನೀರನ್ನು ಕಂಡೊಡನೆ ಆ ತಾಯಿಯನ್ನು ಬಿಟ್ಟು ನೀರಿಗೆ ಹೋಗುವುವೆಂದು ಆತನು ಹೇಳಿರುವನು.

ಈ ನೋಟದಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮರಿಗಳಿಗೆ ಈಜುವುದನ್ನು ಯಾರೂ ಕಲಿಸಿದ್ದಿಲ್ಲ; ಅದು ಹುಟ್ಟುಗುಣ. ಆದರೆ ಈಜಿ ದಣಿದ ಮೇಲೆ ಅವೇ ಮರಿಗಳು ದಂಡೆಗೆ ಬಂದು, ತಮ್ಮ ಜಾತಿಗೆ ಸೇರದ ಆ ಹೇಂಟೆಯನ್ನೇ ಹುಡುಕಿಕೊಂಡು ಹೋಗಿ ಅದರ ರೆಕ್ಕೆಯಡಿಯಲ್ಲಿ ಸೇರಿಕೊಳ್ಳುತ್ತವೆ. ನೀರನ್ನು ಹುಟ್ಟಿನಿಂದಲೇ ಅರಿತಿದ್ದ ಮರಿಗೆ ತನ್ನ ತಾಯಿಯ ರೂಪವೆಂಥದೆಂಬುದು ಮಾತ್ರ ಹುಟ್ಟಿನಿಂದ ತಿಳಿದಿರಲಿಲ್ಲ. ಅದನ್ನು ಮರಿಯು ಕಲಿಯಬೇಕಾಯಿತು. ಕಲಿತದ್ದು ಹೆಚ್ಚು ಕಡಿಮೆ ಒಂದೇ ದಿನದಲ್ಲಿ. ಆ ಒಂದು ದಿನ ಮರಿಯು ಯಾರನ್ನು ಕಂಡಿತು, ಯಾರ ಧ್ವನಿಯನ್ನು ಕೇಳಿತು ಎಂಬುದರ ಮೇಲೆ ಅದರ ಮುಂದಿನ ಬಾಳು ಬಹುಮಟ್ಟಿಗೆ ನಿಂತಿದೆ. ಸಾಕುವವನ ಲಾಭನಷ್ಟಗಳೂ ಅದಕ್ಕೆ ಹೊಂದಿಕೊಂಡಿರುವುದರಿಂದ, ಈ ವಿಷಯವನ್ನು ಪ್ರಕೃತ ಲೇಖನದಲ್ಲಿ ವಿವರಿಸಲಾಗಿದೆ.

ಅಚ್ಚೊತ್ತುವಿಕೆ ಎಂದರೇನು?

ಕಾಗೆ, ಗುಬ್ಬಿ, ಪಾರಿವಾಳ ಮೊದಲಾದ ಹಕ್ಕಿಗಳ ಮರಿಗಳು ಕಣ್ಣು ತೆರೆಯದೆ, ಮೈಮೇಲೆ ಗರಿಗಳಿಲ್ಲದೆ ಹುಟ್ಟುತ್ತವೆ. ಅವು ಎಷ್ಟೋ ದಿನ ಗೂಡಿನಲ್ಲಿಯೇ ಇರುವುದರಿಂದ ತಾಯಿಯನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಅವಕ್ಕಿಲ್ಲ. ಬಾತು, ಹೆಬ್ಬಾತುಗಳ ಸಂಗತಿಯು ಹಾಗಲ್ಲ. ಇವುಗಳ ಮರಿಗಳು ಮೈತುಂಬ ತುಪ್ಪುಳು ಹೊತ್ತು, ಕಣ್ಣು ತೆರೆದುಕೊಂಡೇ ಮೊಟ್ಟೆಯಿಂದ ಹೊರಬೀಳುತ್ತವೆ. ಮೈ ಒಣಗಿದ ಕೆಲವು ಗಂಟೆಗಳೊಳಗೆ ನಡೆಯುತ್ತವೆ. ಸುಮಾರು ಒಂದು ದಿನದಲ್ಲಿ ತಾಯಿಯು ಗೂಡನ್ನು ಬಿಟ್ಟು ಅವುಗಳನ್ನು ನೀರಿಗೆ ಕರೆದೊಯ್ಯುತ್ತದೆ. ಆ ದಾರಿಯಲ್ಲಿ ತಾಯಿಯ ಗುರುತು ತಪ್ಪಿದ ಮರಿಯು ಕಾಗೆಗೋ ಹದ್ದಿಗೋ ತುತ್ತಾಗುತ್ತದೆ. ಆದಕಾರಣ ತಾಯಿಯ ಗುರುತನ್ನು ಅತಿ ಶೀಘ್ರವಾಗಿ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವ ಶಕ್ತಿಯನ್ನು ಪ್ರಕೃತಿಯು ಈ ಮರಿಗಳಿಗೆ ದಯಪಾಲಿಸಿದೆ.

ಇದು ನಡೆಯುವ ಬಗೆಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಲಕೋಟೆಗೆ ಅರಗಿನ ಮುದ್ರೆ ಹಾಕುವಾಗ, ಅರಗು ಮೆತ್ತಗಿರುವಷ್ಟು ಹೊತ್ತು ಮಾತ್ರ ಮುದ್ರೆಯು ಮೂಡುತ್ತದೆ. ಆರಿ ಗಟ್ಟಿಯಾದ ಮೇಲೆ ಎಷ್ಟು ಬಲವಾಗಿ ಒತ್ತಿದರೂ ಮೂಡದು. ಮರಿಯ ಮನಸ್ಸೂ ಮೊದಲ ದಿನ ಮೆತ್ತನೆಯ ಅರಗಿನಂತಿರುವುದು. ಆಗ ತನ್ನ ಮುಂದೆ ಚಲಿಸುವ, ಕೂಗುವ ದೊಡ್ಡ ವಸ್ತುವೊಂದನ್ನು ಕಂಡರೆ ಮರಿಯು ಅದರ ಬೆನ್ನು ಹತ್ತುತ್ತದೆ. ಬೆನ್ನು ಹತ್ತಿದ ವಸ್ತುವೇ ತಾಯಿಯೆಂದು ಅಚ್ಚು ಬೀಳುತ್ತದೆ. ಅದು ಬಾತಾಗಿರಬಹುದು, ಕೋಳಿಯಾಗಿರಬಹುದು, ಮನುಷ್ಯನೇ ಆಗಿರಬಹುದು. ಶೋಧಕರ ಪ್ರಯೋಗಗಳಲ್ಲಿ ಉರುಳುವ ಪೆಟ್ಟಿಗೆ, ಚೆಂಡುಗಳ ಹಿಂದೆ ಮರಿಗಳು ಓಡಿದ್ದೂ ಉಂಟು.

ಈ ಗುಣವನ್ನು ಕಂಡುಹಿಡಿದ ಬಗೆ

1873ನೆಯ ಇಸವಿಯಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಆಂಗ್ಲ ವಿದ್ವಾಂಸನು ಕೋಳಿಮರಿಗಳ ವಿಷಯವಾಗಿ ಲೇಖನವೊಂದನ್ನು ಪ್ರಕಟಿಸಿದನು. ಆತನು ಹುಟ್ಟಿದ ಕೂಡಲೇ ಕೆಲವು ಮರಿಗಳ ಕಣ್ಣಿಗೆ ಕುಲಾವಿಯನ್ನು ಕಟ್ಟಿ, ಸುಮಾರು ನಾಲ್ಕು ದಿನಗಳ ನಂತರ ಬಿಚ್ಚಿದಾಗ, ಅವು ಅವನನ್ನು ಕಂಡು ಭಯದಿಂದ ಓಡಿಹೋದವು. ಮೊದಲೇ ಬಿಚ್ಚಿದ ಮರಿಗಳಾದರೋ ಅವನ ಹಿಂದೆಯೇ ಓಡಿಬರುತ್ತಿದ್ದವು. ಮರಿಯೂ ಅದೇ, ಮನುಷ್ಯನೂ ಅವನೇ, ಬೇರೆಯಾದದ್ದು ವೇಳೆಯೊಂದೇ.

ಬಾತು, ಹೆಬ್ಬಾತುಗಳಲ್ಲಿ ಇದೇ ಗುಣವನ್ನು ವಿವರವಾಗಿ ಪರಿಶೀಲಿಸಿ ಪ್ರಸಿದ್ಧಿಗೆ ತಂದವನು ಆಸ್ಟ್ರಿಯಾ ದೇಶದ ಕೊನ್ರಾಡ್ ಲೊರೆನ್ಜ್ (1903–1989). ವಿಯೆನ್ನಾ ನಗರಕ್ಕೆ ಸಮೀಪದಲ್ಲಿ ಡಾನ್ಯೂಬ್ ನದಿಯ ಬಳಿಯಿರುವ ಆಲ್ಟೆನ್‌ಬರ್ಗ್ ಎಂಬ ಗ್ರಾಮವು ಆತನ ಊರು. ಬಾಲ್ಯದಲ್ಲಿ ನೆರೆಮನೆಯಿಂದ ದೊರೆತ ಒಂದು ದಿನದ ಬಾತಿನ ಮರಿಯು ತನ್ನನ್ನು ಹಿಂಬಾಲಿಸತೊಡಗಿದುದನ್ನು ಕಂಡು ಆತನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. ಬರ್ಲಿನ್ನಿನ ಆಸ್ಕರ್ ಹೈನ್‌ರೋತ್ ಎಂಬ ಪಂಡಿತನ ಶೋಧನೆಗಳನ್ನು ಮುಂದುವರಿಸಿ, 1935ರಲ್ಲಿ ಆತನು ಬರೆದ ದೀರ್ಘ ಪ್ರಬಂಧವು ಈ ಶಾಸ್ತ್ರಕ್ಕೆ ತಳಹದಿಯಾಯಿತು. ನಾಣ್ಯಕ್ಕೆ ಅಚ್ಚೊತ್ತುವುದನ್ನು ಸೂಚಿಸುವ ಜರ್ಮನ್ ಶಬ್ದವನ್ನೇ ಆತನು ಈ ಗುಣಕ್ಕೆ ಹೆಸರಾಗಿಟ್ಟನು. 1973ರಲ್ಲಿ ಆತನಿಗೆ, ಕಾರ್ಲ್ ಫಾನ್ ಫ್ರಿಶ್ ಮತ್ತು ನಿಕೊ ಟಿನ್‌ಬರ್ಗೆನ್ ಎಂಬವರೊಡನೆ, ನೊಬೆಲ್ ಬಹುಮಾನವು ದೊರೆಯಿತು.

ಲೊರೆನ್ಜನ ಅನುಭವಗಳಲ್ಲಿ ಒಂದನ್ನು ಇಲ್ಲಿ ಹೇಳುವುದು ಯುಕ್ತವಾಗಿದೆ. ಆತನು ಬೂದು ಹೆಬ್ಬಾತಿನ ಮೊಟ್ಟೆಯೊಂದು ಒಡೆಯುವುದನ್ನು ಹತ್ತಿರದಲ್ಲಿಯೇ ಕುಳಿತು ನೋಡುತ್ತಿದ್ದನು. ಹೊರಬಂದ ಹೆಣ್ಣುಮರಿಯು ಕತ್ತೆತ್ತಿ ಆತನನ್ನೇ ದಿಟ್ಟಿಸಿ ನೋಡಿ, ಮೆಲ್ಲಗೆ ದನಿಗೈದಿತು. ಸ್ವಲ್ಪ ಹೊತ್ತಿನ ಮೇಲೆ ಆತನು ಅದನ್ನು ಸಾಕು ಹೆಬ್ಬಾತಿನ ರೆಕ್ಕೆಯಡಿಯಲ್ಲಿ ಬಿಟ್ಟು ಹೊರಟನು. ಮರಿಯು ಆ ಬೆಚ್ಚನೆಯ ಜಾಗವನ್ನು ತೊರೆದು, ಅಳುತ್ತ ಎಡವುತ್ತ ಆತನ ಹಿಂದೆಯೇ ಬಂದಿತು. ಪುನಃ ಬಿಟ್ಟರೂ ನಿಲ್ಲಲಿಲ್ಲ. ಕಡೆಗೆ ಅದನ್ನು ತನ್ನ ಮಲಗುವ ಕೋಣೆಯಲ್ಲಿಯೇ ಇಟ್ಟುಕೊಳ್ಳಬೇಕಾಯಿತು. ರಾತ್ರಿಯಲ್ಲಿ ಅದು ಎಚ್ಚೆತ್ತು ಕೂಗಿದಾಗಲೆಲ್ಲ ಆತನೂ ಎಚ್ಚೆತ್ತು ಉತ್ತರ ಕೊಡಬೇಕು. ಕೊಡದಿದ್ದರೆ ಮರಿಯು ಗಾಬರಿಗೊಂಡು ಅಳುತ್ತಿತ್ತು. ಕೆಲವು ನಿಮಿಷಗಳ ನೋಟದಿಂದ ಬಿದ್ದ ಅಚ್ಚಿಗಾಗಿ ತಾಯಿಯ ಕೆಲಸವೆಲ್ಲವೂ ಆತನ ಪಾಲಿಗೆ ಬಂದಿತು.

ಧ್ವನಿಯ ಮಹತ್ವ

ಹೆಬ್ಬಾತಿನ ಮರಿಯು ಮನುಷ್ಯನನ್ನು ಬೇಗನೆ ತಾಯಿಯೆಂದು ಒಪ್ಪಿದರೂ, ಕಾಡುಬಾತಿನ ಮರಿಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಲೊರೆನ್ಜನು ಬಾತಿನಂತೆ ಕೂಗುತ್ತ, ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ನಡೆದಾಗ ಮಾತ್ರ ಅವು ಹಿಂಬಾಲಿಸಿದವು. ಎದ್ದು ನಿಂತರೆ ಅಥವಾ ಕೂಗನ್ನು ನಿಲ್ಲಿಸಿದರೆ ಗೋಳಿಡುತ್ತಿದ್ದವು. ಬೇಲಿಯಾಚೆ ನಿಂತಿದ್ದ ಜನರಿಗೆ ಹುಲ್ಲಿನ ಮರೆಯಲ್ಲಿದ್ದ ಮರಿಗಳು ಕಾಣದೆ, ಈ ಗಡ್ಡದ ಪಂಡಿತನಿಗೆ ಹುಚ್ಚು ಹಿಡಿದಿದೆಯೆಂದು ತೋರಿತಂತೆ.

ಇದಕ್ಕೆ ಕಾರಣವನ್ನು ಅಮೆರಿಕದ ಗಿಲ್ಬರ್ಟ್ ಗಾಟ್ಲಿಬ್ ಎಂಬ ಶೋಧಕನು ಮುಂದೆ ವಿಶದಪಡಿಸಿದನು. ಬಾತಿನ ಮರಿಯು ಮೊಟ್ಟೆಯೊಡೆಯುವುದಕ್ಕೆ ಕೆಲವು ದಿನಗಳ ಮೊದಲೇ ಒಳಗಿನಿಂದ ಸಣ್ಣಗೆ ಕೂಗುತ್ತದೆ. ತನ್ನ ಕೂಗನ್ನೂ ಪಕ್ಕದ ಮೊಟ್ಟೆಗಳಿಂದ ಬರುವ ಕೂಗನ್ನೂ ಕೇಳುತ್ತದೆ. ಕಾವು ಕೂತ ತಾಯಿಯೂ ಅದಕ್ಕೆ ಓಗೊಡುತ್ತದೆ. ಹೀಗೆ ಕೇಳಿ ಬಲಿತ ಕಿವಿಗೆ ಸ್ವಜಾತಿಯ ತಾಯಿಯ ಕರೆಯು ಹುಟ್ಟಿದ ಕ್ಷಣದಿಂದಲೇ ಪ್ರಿಯವಾಗಿರುತ್ತದೆ. ಮೊಟ್ಟೆಯೊಳಗೆ ಕೂಗಲಾಗದಂತೆಯೂ ಇತರ ಮರಿಗಳ ಕೂಗು ಕೇಳದಂತೆಯೂ ಇರಿಸಿದ ಮರಿಗಳು, ಬಾತಿನ ಕರೆಯನ್ನೂ ಕೋಳಿಯ ಕರೆಯನ್ನೂ ಬೇರ್ಪಡಿಸಿ ಬಾತಿನ ಕಡೆಗೇ ಹೋಗುವ ಗುಣವನ್ನು ಕಳೆದುಕೊಂಡವು. ಆದುದರಿಂದ ಹುಟ್ಟುಗುಣವೆಂದು ಕರೆಯುವುದರಲ್ಲಿಯೂ ಸ್ವಲ್ಪ ಭಾಗವು ಮೊಟ್ಟೆಯೊಳಗಿನ ಕಲಿಕೆಯೇ ಆಗಿರುವುದು.

ಅಚ್ಚು ಬೀಳುವ ಕಾಲ

ಅಮೆರಿಕದ ಎಕ್‌ಹಾರ್ಡ್ ಹೆಸ್ ಎಂಬ ಪಂಡಿತನು 1950ರ ದಶಕದಲ್ಲಿ ಇದರ ವೇಳೆಯನ್ನು ಅಳೆದನು. ದುಂಡನೆಯ ಓಣಿಯೊಂದರಲ್ಲಿ ಬಾತಿನ ಬೊಂಬೆಯನ್ನು ಯಂತ್ರದಿಂದ ಸುತ್ತಿಸಿ, ಅದರೊಳಗಿನಿಂದ ಧ್ವನಿ ಬರುವಂತೆ ಮಾಡಿ, ಹುಟ್ಟಿ ಬೇರೆ ಬೇರೆ ಗಂಟೆಗಳಾದ ಕಾಡುಬಾತಿನ ಮರಿಗಳನ್ನು ಅದರ ಹಿಂದೆ ಬಿಟ್ಟನು. ಹುಟ್ಟಿದ 13ರಿಂದ 16 ಗಂಟೆಗಳೊಳಗೆ ಬಿಟ್ಟ ಮರಿಗಳಲ್ಲಿ ಅಚ್ಚು ಎಲ್ಲಕ್ಕಿಂತ ಗಾಢವಾಗಿ ಬಿದ್ದಿತು. ಸುಮಾರು 32 ಗಂಟೆಗಳಾದ ಮರಿಗಳಲ್ಲಿ ಬಹುತೇಕ ಬೀಳಲಿಲ್ಲ. ಅಷ್ಟು ಹೊತ್ತಿಗೆ ಹೊಸ ವಸ್ತುಗಳ ಭಯವು ಮರಿಗಳಲ್ಲಿ ತಲೆದೋರಿ, ಬೆನ್ನು ಹತ್ತುವ ಬದಲು ದೂರ ಓಡುವ ಗುಣವು ಬಲವಾಗುತ್ತದೆ.

ಒಮ್ಮೆ ಬಿದ್ದ ಅಚ್ಚು ಎಂದಿಗೂ ಅಳಿಯದೆಂದು ಲೊರೆನ್ಜನು ನಂಬಿದ್ದನು. ಅನಂತರದ ಶೋಧಕರು ಇದನ್ನು ಸ್ವಲ್ಪ ತಿದ್ದಿರುವರು. ಮರಿಯು ಎಳೆಯದಾಗಿರುವಾಗಲೇ ಸ್ವಜಾತಿಯ ಸಹವಾಸದಲ್ಲಿ ಸೇರಿಸಿದರೆ ಮೊದಲಿನ ಅಚ್ಚು ಎಷ್ಟೋ ಮಟ್ಟಿಗೆ ಮಾಸಬಹುದು. ಆದರೆ ಮಾಸಿಸುವ ಕೆಲಸಕ್ಕೆ ವಾರಗಳು ಬೇಕು. ಸರಿಯಾಗಿ ಬೀಳಿಸುವುದಕ್ಕೆ ಒಂದು ದಿನ ಸಾಕು.

ಮರಿಯ ಬುದ್ಧಿಯೂ ಅಲ್ಪವಾದುದೆಂದು ಎಣಿಸತಕ್ಕದ್ದಲ್ಲ. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರ್ಟಿನೋ ಮತ್ತು ಕಾಸೆಲ್ನಿಕ್ ಎಂಬವರು ಹೊಸದಾಗಿ ಹುಟ್ಟಿದ ಬಾತಿನ ಮರಿಗಳಿಗೆ ಜೋಡಿ ವಸ್ತುಗಳನ್ನು ತೋರಿಸಿದರು. ಒಂದೇ ಆಕಾರದ ಜೋಡಿಯನ್ನು ಹಿಂಬಾಲಿಸಿದ ಮರಿಗಳು ಮುಂದೆ ಹೊಸ ವಸ್ತುಗಳಲ್ಲಿಯೂ ಒಂದೇ ಆಕಾರದ ಜೋಡಿಯನ್ನೇ ಹೆಚ್ಚಾಗಿ ಆರಿಸಿಕೊಂಡವು. ಭಿನ್ನಾಕಾರದ ಜೋಡಿಯನ್ನು ಕಂಡವು ಭಿನ್ನವಾದುದನ್ನೇ ಆರಿಸಿದವು. ವಸ್ತುವಿನೊಡನೆ, ಸಮ ವಿಷಮಗಳೆಂಬ ಸಂಬಂಧವೂ ಮರಿಯ ಮನಸ್ಸಿನಲ್ಲಿ ನಿಲ್ಲುವುದೆಂದು ಇದರಿಂದ ಗೊತ್ತಾಗುತ್ತದೆ.

ಕಾಡಿನ ಬಂಧಗಳು

ನೀರುಹಕ್ಕಿಗಳಲ್ಲಿ ಮರಿಗಳು ಹೆತ್ತ ತಾಯಿಯನ್ನು ಬಿಟ್ಟು ಇತರರೊಡನೆ ಸೇರುವುದು ಪ್ರಕೃತಿಯಲ್ಲಿಯೂ ಉಂಟು. ಶೀತದೇಶದ ಕಡಲತೀರಗಳ ಐಡರ್ ಬಾತುಗಳಲ್ಲಿ ಹಲವು ತಾಯಿಗಳ ಮರಿಗಳು ಕೂಡಿ ಒಂದೇ ತಂಡವಾಗಿ ಬೆಳೆಯುತ್ತವೆ. 2018ರಲ್ಲಿ ಅಮೆರಿಕದ ಮಿನಿಸೋಟ ಪ್ರಾಂತದ ಬಿಮಿಜಿ ಸರೋವರದಲ್ಲಿ ಮೀನು ಹಿಡಿಯುವ ಮರ್ಗಾನ್ಸರ್ ಎಂಬ ಜಾತಿಯ ಒಂದು ಹೆಣ್ಣುಬಾತಿನ ಹಿಂದೆ 76 ಮರಿಗಳು ಎಣಿಕೆಗೆ ಸಿಕ್ಕಿದವು. ಒಂದು ಬಾತು ಇಷ್ಟು ಮೊಟ್ಟೆಗಳಿಗೆ ಕಾವು ಕೊಡುವುದು ಸಾಧ್ಯವಿಲ್ಲವಾದ್ದರಿಂದ, ಬಹುಪಾಲು ಮರಿಗಳು ಇತರ ತಾಯಿಗಳವೆಂಬುದು ಸ್ಪಷ್ಟ.

ಹೆಬ್ಬಾತುಗಳಲ್ಲಿ ಕುಟುಂಬದ ಬಂಧವು ಇನ್ನೂ ದೀರ್ಘವಾದುದು. ಗಂಡು ಹೆಣ್ಣುಗಳೆರಡೂ ಮರಿಗಳನ್ನು ಕಾಯುತ್ತವೆ. ಮರಿಗಳು ಮೊದಲನೆಯ ಚಳಿಗಾಲವೆಲ್ಲವನ್ನೂ ತಾಯ್ತಂದೆಗಳೊಡನೆ ಕಳೆದು, ವಲಸೆಯ ದಾರಿಯನ್ನು ಅವುಗಳಿಂದಲೇ ಕಲಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಹಿಂಡಿನಲ್ಲಿ ಇಂಥ ಕುಟುಂಬಗಳಿರುವುವು. ಈ ಕೆರೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟುವ ಇದೇ ಜಾತಿಯ ಹಕ್ಕಿಗಳು ತೆಳುವಾದ ಗಾಳಿಯಲ್ಲಿ ಹೇಗೆ ಹಾರುತ್ತವೆಂದು ತಿಳಿಯಲು ಕೆನಡಾ ದೇಶದಲ್ಲಿ ಜೆಸಿಕಾ ಮೇರ್ ಎಂಬ ವಿದುಷಿಯೂ ಸಂಗಡಿಗರೂ ಮರಿಗಳನ್ನು ಹುಟ್ಟಿನಿಂದ ಸಾಕಿ, ತಾಯಿಯ ಸ್ಥಾನದಲ್ಲಿ ತಾವೇ ನಿಂತು, ಗಾಳಿಯ ಸುರಂಗದಲ್ಲಿ ಹಾರಲು ಕಲಿಸಿದರು. ಆ ಶೋಧನೆಯು 2019ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 1993ರಲ್ಲಿ, ಬಿಲ್ ಲಿಶ್ಮನ್ ಎಂಬಾತನು ತನ್ನನ್ನು ಹಿಂಬಾಲಿಸಲು ಕಲಿತ 18 ಕೆನಡಾ ಹೆಬ್ಬಾತುಗಳನ್ನು ಹಗುರವಾದ ವಿಮಾನದ ಹಿಂದೆ ಆಂಟೇರಿಯೋದಿಂದ ವರ್ಜೀನಿಯಾಕ್ಕೆ ಕರೆದೊಯ್ದನು. ಮುಂದಿನ ವಸಂತದಲ್ಲಿ ಅವುಗಳಲ್ಲಿ ಬಹುಪಾಲು ತಾವಾಗಿಯೇ ಹಿಂದಿರುಗಿದವು.

ಅಚ್ಚು ತಪ್ಪಿದರೆ ಆಗುವ ಹಾನಿ

ಈ ಗುಣದಿಂದ ಬರುವ ಕೇಡುಗಳನ್ನೂ ಅರಿಯಬೇಕು. ತಾಯಿಯ ಗುರುತಿನೊಡನೆ, ಮುಂದೆ ಜೊತೆಗೂಡಬೇಕಾದ ಜಾತಿಯ ಗುರುತೂ ಎಳೆತನದ ವಾರಗಳಲ್ಲಿ ಮೂಡುತ್ತದೆ. 1965ರಲ್ಲಿ ಜರ್ಮನಿಯ ಶುಟ್ಸ್ ಎಂಬ ಶೋಧಕನು ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇರೆ ಜಾತಿಯ ಬಾತುಗಳೊಡನೆ ಬೆಳೆದ ಕಾಡುಬಾತಿನ ಗಂಡುಗಳಲ್ಲಿ ಹಲವು, ಪ್ರಾಯಕ್ಕೆ ಬಂದ ಮೇಲೆ ತಮ್ಮ ಜಾತಿಯ ಹೆಣ್ಣುಗಳನ್ನು ಬಿಟ್ಟು, ತಾವು ಬೆಳೆದ ಜಾತಿಯ ಹಿಂದೆಯೇ ಹೋದವು. ಹೆಣ್ಣುಗಳಾದರೋ ಹೆಚ್ಚಾಗಿ ಸ್ವಜಾತಿಯ ಗಂಡನ್ನೇ ಆರಿಸಿಕೊಂಡವು. ಗಂಡುಗಳ ಜೊತೆಯಲ್ಲಿಯೇ ಬೆಳೆದ ಕೆಲವು ಗಂಡುಗಳು ಗಂಡುಗಳೊಡನೆಯೇ ಜೋಡಿಯಾದವು. ಮೊಟ್ಟೆಗಾಗಿ ಸಾಕಿದ ಹಿಂಡಿಗೆ ಇದರಿಂದ ಬಾಧಕವಿಲ್ಲ; ಮರಿ ಮಾಡಿಸಬೇಕೆನ್ನುವವನಿಗೆ ಮಾತ್ರ ಇಂಥ ಗಂಡು ನಿಷ್ಪ್ರಯೋಜಕವಾದುದು.

ಒಂಟಿಯಾಗಿ ಮನೆಯೊಳಗೆ ಮುದ್ದಿನಿಂದ ಬೆಳೆಸಿದ ಹೆಬ್ಬಾತಿನ ಪಾಡು ಇನ್ನೂ ಶೋಚನೀಯ. ಅದು ಮನುಷ್ಯರನ್ನೇ ತನ್ನವರೆಂದು ಬಗೆಯುತ್ತದೆ. ಹಿಂಡಿನಲ್ಲಿ ಬಿಟ್ಟರೆ ಬೆರೆಯದೆ ಬಾಗಿಲಲ್ಲಿ ಕೂಗುತ್ತ ನಿಲ್ಲುತ್ತದೆ. ಗಂಡಾದರೆ, ಪ್ರಾಯಕ್ಕೆ ಬಂದಾಗ ಮನುಷ್ಯರನ್ನೇ ಪ್ರತಿಸ್ಪರ್ಧಿಗಳೆಂದು ತಿಳಿದು ಹೆಂಗಸರು ಮಕ್ಕಳ ಮೇಲೆ ಎರಗುವುದೂ ಉಂಟು. ಇದನ್ನು ಹಕ್ಕಿಯ ದುರ್ಗುಣವೆಂದು ಹೊಡೆಯುವುದು ನ್ಯಾಯವಲ್ಲ. ಮೊದಲ ದಿನಗಳಲ್ಲಿ ಸಾಕಿದವನು ಮಾಡಿದ ತಪ್ಪಿನ ಫಲವದು.

ಬಾತು ಸಾಕುವವರಿಗೆ ಸೂಚನೆಗಳು

ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್ ಮುಂತಾದ ಮೊಟ್ಟೆಯ ತಳಿಗಳು ಕಾವಿಗೆ ಕೂರುವುದು ಅಪರೂಪ. ಆದಕಾರಣ ಸಾಕುಬಾತಿನ ಮರಿಗೆ ಹೆತ್ತ ತಾಯಿ ದೊರೆಯುವುದು ಕಡಮೆ. ಕೋಳಿಯೋ, ಕಾವುಪೆಟ್ಟಿಗೆಯ ಬಳಿ ನಿಂತ ಮನುಷ್ಯನೋ, ಜೊತೆಯ ಮರಿಗಳೋ ಆ ಸ್ಥಾನಕ್ಕೆ ಬರುತ್ತಾರೆ. ಸಾಕುವವರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

1. ಕೋಳಿಯ ಕೆಳಗೆ ಇಡುವಾಗ: ಸಾಧು ಸ್ವಭಾವದ ದೊಡ್ಡ ಹೇಂಟೆಯನ್ನು ಆರಿಸಿ, ಎಂಟು ಹತ್ತು ಬಾತಿನ ಮೊಟ್ಟೆಗಳನ್ನು ಮಾತ್ರ ಇಡತಕ್ಕದ್ದು. ಕೋಳಿಮೊಟ್ಟೆಗೆ 21 ದಿನಗಳೂ, ಬಾತಿನ ಮೊಟ್ಟೆಗೆ 28 ದಿನಗಳೂ, ಮಸ್ಕವಿ ಬಾತಿನ ಮೊಟ್ಟೆಗೆ ಸುಮಾರು 35 ದಿನಗಳೂ ಬೇಕು. ಇವುಗಳನ್ನು ಒಂದೇ ದಿನ ಒಟ್ಟಿಗೆ ಇಟ್ಟರೆ, ಮೊದಲು ಹುಟ್ಟಿದ ಮರಿಗಳೊಡನೆ ಹೇಂಟೆಯು ಎದ್ದುಹೋಗಿ ಉಳಿದ ಮೊಟ್ಟೆಗಳು ಕೆಡುತ್ತವೆ.

2. ಬೇರೆಡೆಯಲ್ಲಿ ಹುಟ್ಟಿದ ಮರಿಗಳನ್ನು ಕಾವು ಕೂತ ಹೇಂಟೆಗೆ ಒಪ್ಪಿಸಬೇಕಾದರೆ, ಹುಟ್ಟಿದ ದಿನವೇ, ಕತ್ತಲಾದ ಮೇಲೆ, ಸದ್ದಿಲ್ಲದೆ ರೆಕ್ಕೆಯಡಿಯಲ್ಲಿ ಸೇರಿಸತಕ್ಕದ್ದು. ಎರಡು ಮೂರು ದಿನ ತಡೆದರೆ ಮರಿಯು ಹೇಂಟೆಯನ್ನು ಕಂಡು ಹೆದರುತ್ತದೆ. ಹೇಂಟೆಯೂ ಮರಿಯನ್ನು ಕುಕ್ಕಬಹುದು.

3. ಕಾವುಪೆಟ್ಟಿಗೆಯ ಮರಿಗಳಿಗೆ ಮೊದಲ ದಿನದಿಂದ ಒಬ್ಬನೇ ಮೇವು ನೀರು ಕೊಡುವುದು ಒಳ್ಳೆಯದು. ಆತನು ಪ್ರತಿ ಸಲವೂ ಒಂದೇ ಬಗೆಯ ಕರೆಯನ್ನು ಕೂಗಬೇಕು. ಮುಂದೆ ಗದ್ದೆಗೆ ಬಿಟ್ಟಾಗ, ಸಂಜೆ ಹಿಂಡನ್ನು ದೊಡ್ಡಿಗೆ ಸೇರಿಸುವುದಕ್ಕೆ ಆ ಕರೆಯೊಂದೇ ಸಾಕಾಗುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಕೊಯ್ಲಾದ ಗದ್ದೆಗಳಿಂದ ಗದ್ದೆಗಳಿಗೆ ದೊಡ್ಡ ದೊಡ್ಡ ಹಿಂಡುಗಳನ್ನು ಕೆಲವೇ ಆಳುಗಳು ಮೇಯಿಸಿಕೊಂಡು ಹೋಗುವುದಕ್ಕೆ, ಬಾತುಗಳಿಗೆ ಒಂದರ ಮೇಲೊಂದಕ್ಕಿರುವ ಬಂಧವೂ ಕರೆಯ ರೂಢಿಯೂ ಸಹಾಯಕ.

4. ಒಂದೇ ಮರಿಯನ್ನು ಒಂಟಿಯಾಗಿ ಸಾಕಲಾಗದು. ಎರಡು ಮೂರಾದರೂ ಸಮವಯಸ್ಸಿನ ಮರಿಗಳು ಜೊತೆಗಿರಬೇಕು. ಮರಿಗಳು ಒಂದಕ್ಕೊಂದು ಗುರುತಾಗುವುದರಿಂದ ಹಿಂಡು ಚೆದರುವುದಿಲ್ಲ.

5. ಮೊದಲ ದಿನ ಗದ್ದಲ, ಬೆನ್ನಟ್ಟುವಿಕೆ, ಮಕ್ಕಳ ಎಳೆದಾಟಗಳಿಗೆ ಎಡೆಗೊಡಬಾರದು. ಆಗ ಹಿಡಿದ ಭಯವು ಬೇಗನೆ ಬಿಡುವುದಿಲ್ಲ.

6. ತಾಯಿಯಿಲ್ಲದ ಮರಿಗಳ ತುಪ್ಪುಳು ನೀರಿನಲ್ಲಿ ಬೇಗನೆ ನೆನೆದು, ಚಳಿಯಿಂದ ಸಾಯುವುದುಂಟು. ಆಸೆಪಡುತ್ತವೆಂದು ಮೊದಲ ವಾರಗಳಲ್ಲಿಯೇ ಕೆರೆಗೆ ಬಿಡಬಾರದು. ಕೊಕ್ಕು ಮುಳುಗುವಷ್ಟು ಕುಡಿಯುವ ನೀರಿದ್ದರೆ ಸಾಕು.

7. ತಳಿಗಾಗಿ ಇಡುವ ಗಂಡುಗಳನ್ನು ಎಳೆತನದಿಂದಲೇ ಆಯಾ ತಳಿಯ ಹೆಣ್ಣುಗಳೊಡನೆ ಬೆಳೆಸತಕ್ಕದ್ದು. ಐದಾರು ಹೆಣ್ಣುಗಳಿಗೆ ಒಂದು ಗಂಡು ಸಾಕು. ಮಸ್ಕವಿ ಗಂಡನ್ನು ಸಾಮಾನ್ಯ ಹೆಣ್ಣುಬಾತುಗಳೊಡನೆ ಕೂಡಿಸಬೇಕೆಂದಿರುವವರು ಅವನ್ನು ಚಿಕ್ಕಂದಿನಿಂದ ಒಟ್ಟಿಗೆ ಬೆಳೆಸುವುದು ಮೇಲು. ಅವುಗಳಿಂದ ಹುಟ್ಟುವ ಮರಿಗಳು ಮಾಂಸಕ್ಕೆ ಯೋಗ್ಯವಾದರೂ ಬಂಜೆಯಾಗಿರುವುವು.

8. ಕೆರೆಯ ಕಾಡುಬಾತು, ಹೆಬ್ಬಾತುಗಳ ಮೊಟ್ಟೆಮರಿಗಳನ್ನು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಗಾಯಗೊಂಡ ಹಕ್ಕಿಯು ಸಿಕ್ಕಿದರೆ ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಮನುಷ್ಯನ ಅಚ್ಚು ಬಿದ್ದ ಕಾಡುಹಕ್ಕಿಯು ಮನುಷ್ಯರಿಗೆ ಹೆದರದ ಕಾರಣದಿಂದಲೇ ಅಪಾಯಕ್ಕೆ ಸಿಕ್ಕಿಬೀಳುತ್ತದೆ.

ಉಪಸಂಹಾರ

ಬಾತು ಸಾಕುವವರು ಕೊಟ್ಟಿಗೆ, ಮೇವು, ರೋಗಗಳ ವಿಷಯವನ್ನು ಎಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳುವರೋ ಅಷ್ಟೇ ಎಚ್ಚರಿಕೆಯಿಂದ ಮರಿಯ ಮೊದಲನೆಯ ದಿನವನ್ನೂ ನೋಡಿಕೊಳ್ಳಬೇಕು. ಇದಕ್ಕೆ ಹಣದ ಖರ್ಚೇನೂ ಇಲ್ಲ. ಬೇಕಾದದ್ದು ವೇಳೆಯರಿತ ಗಮನವಷ್ಟೆ. ಮರಿಯು ತನ್ನ ತಾಯಿಯನ್ನು ಆರಿಸಿಕೊಳ್ಳಲಾರದು. ಮುಂದೆ ನಿಂತವರನ್ನು ನಂಬುತ್ತದೆ. ಹಾಗೆ ನಂಬಿಸಿಕೊಂಡವನು ಮರುದಿನ ಅದನ್ನು ಬಿಟ್ಟು ಹೋಗತಕ್ಕದ್ದಲ್ಲ. ಕೆರೆಯ ದಂಡೆಯಲ್ಲಿ ಕೂಗುತ್ತ ಓಡಾಡುವ ಹೇಂಟೆಗೆ ನೀರಿನ ಭಯವಿದ್ದರೂ, ಮರಿಗಳು ಮೇಲೆ ಬರುವವರೆಗೆ ಅದು ದಂಡೆಯನ್ನು ಬಿಟ್ಟು ಕದಲುವುದಿಲ್ಲ. ಸಾಕುವವರು ಆ ಹೇಂಟೆಯಿಂದ ಕಲಿಯತಕ್ಕದ್ದು ಇಷ್ಟೇ.